ಕೂದಲಿನ ಸೋಯಾ

ಮಧ್ಯಾಹ್ನ ಎರಡು ಗಂಟೆಗೆ ಗುಂಡಿ ತೋಡಿ ಮುಗಿಯಿತು. ಅಷ್ಟರಲ್ಲಿ ಘಾಟಬೋರಾಳದ ಹಿರಿಯರು, ವೈಜನಾಥನನ್ನು ಕೊಂದದ್ದು ಅವನದೇ ಎತ್ತು ಎಂದು ತೀರ್ಮಾನಿಸಿದ್ದರು.

ಬೆಳಿಗ್ಗೆ ತನ್ನ ಸೋಯಾ ಹೊಲದ ನಡುವೆ ತಲೆ ಒಡೆದು ಬಿದ್ದಿದ್ದ ಅವನನ್ನು ಮೊದಲು ಕಂಡವನು ಆಳು ಲಾಲಪ್ಪ. ಪಕ್ಕದಲ್ಲೇ ಎತ್ತು ಹಗ್ಗ ಬಿಚ್ಚಿಕೊಂಡು ನಿಂತಿತ್ತು. ಸಿಟ್ಟಿಗೆದ್ದ ಬೀಗರು ಅದನ್ನು ಬೇವಿನ ಮರಕ್ಕೆ ಬಿಗಿದು ಬಾರಕೋಲಿನಿಂದ ಬಡಿದರು. ಎಡಗಣ್ಣು ಒಡೆದು ರಕ್ತ ಮೂತಿಯವರೆಗೆ ಇಳಿಯಿತು. ವೈಜನಾಥನ ಹೆಂಡತಿ ತುಳಜಾಬಾಯಿ ಹೋಗಿ ಕೊಂಬು ಸವರಿ ನೋಡಿದಳು. ಒಣಗಿದ ಸಗಣಿ ಇತ್ತು, ರಕ್ತ ಇರಲಿಲ್ಲ.

ಪೊಲೀಸರಿಗೆ ಹೇಳೋಣ ಎಂದಳು. ಪೋಸ್ಟ್‌ಮಾರ್ಟಂನಲ್ಲಿ ಕೊಯ್ದ ಹೆಣವನ್ನು ಗುಂಡಿಯಲ್ಲಿ ಕೂರಿಸುವುದು ಹೇಗೆ ಎಂದು ಹಿರಿಯರು ಅವಳ ಬಾಯಿ ಮುಚ್ಚಿಸಿದರು. ಮಣ್ಣು ಬಿದ್ದ ಮೇಲೆ ಕೇಳುವವರು ಯಾರೂ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮೈದುನ ಗುರುಶಾಂತ ಚಿಟಗುಪ್ಪಿಯ ಬಸ್ಸಿನಿಂದ ಇಳಿದದ್ದು ಹನ್ನೊಂದಕ್ಕೆ. ರಾತ್ರಿ ಅಲ್ಲೇ ಉಳಿದಿದ್ದನಂತೆ. ಅಣ್ಣನ ಕಾಲು ಹಿಡಿದು ಅತ್ತ. ಅಂಥ ಬಿಸಿಲಲ್ಲೂ ತುಂಬು ತೋಳಿನ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ.

*

ಆ ವರ್ಷದ ಮಳೆಗಾಲದಲ್ಲಿ ಹುಳ ಊರಿನ ಸೋಯಾ ಹೊಲಗಳನ್ನೆಲ್ಲ ಮೇಯ್ದಿತ್ತು. ಗುರುಶಾಂತನ ಹೊಲದಲ್ಲಿ ಉಳಿದದ್ದು ಬರೀ ದಂಟು. ಬದುವಿನ ಆಚೆ ಅಣ್ಣನ ಬೆಳೆ ಹಸಿರಾಗಿಯೇ ನಿಂತಿತ್ತು. ಅದು ಲಾತೂರ ಕಡೆಯಿಂದ ತಂದ ಹಳೆಯ ಬೀಜ. ಎಲೆ, ದಂಟು, ಕಾಯಿ ಎಲ್ಲದರ ಮೇಲೂ ಕಂದು ಕೂದಲು. ಕಾಯಿ ಒಣಗಿದಾಗ ಆ ಕೂದಲು ತಾಗಿದರೆ ಮೈಯೆಲ್ಲ ಕೆಂಪು ಗುಳ್ಳೆ ಏಳುತ್ತಿತ್ತು. ಹಾಗಾಗಿ ಆಳುಗಳು ಆ ಹೊಲವೆಂದರೆ ಮೂಗು ಮುರಿಯುತ್ತಿದ್ದರು. ಅಣ್ಣ ಬೀಜ ಕೊಡುತ್ತೇನೆಂದಾಗ ಗುರುಶಾಂತನೂ ನಕ್ಕಿದ್ದ: "ಕರಡಿ ಸಾಕಬೇಕೇನು ಹೊಲದಾಗ?"

ಮೂರು ಸಲ ಕೀಟನಾಶಕದ ಎಣ್ಣೆ ಹೊಡೆದರೂ ಹುಳ ಸಾಯದಿದ್ದಾಗ ಅವನ ನಗು ನಿಂತಿತು. ಪಂಪಿನ ಕೊಳವೆ ಹಿಡಿದು ಬದು ಹತ್ತಿದ.

"ನಿನ್ನ ಹೊಲದಾಗ ಬಾಯಿ ಹತ್ತಲಾರದ ಹುಳ ನನ್ನ ಹೊಲಕ್ಕ ಬರಾಕತ್ತಾವ. ಬೇಕಂತನ ಬಿತ್ತಿದಿ ನೀ."

"ಎಲಿ ಮ್ಯಾಲ ಕೂದಲಿದ್ರ ಮರಿಹುಳಕ್ಕ ಕಚ್ಚಾಕ ಆಗಂಗಿಲ್ಲೋ ತಮ್ಮಾ," ಎಂದ ವೈಜನಾಥ. "ಮುಂದಿನ ವರ್ಷ ಇದನ್ನ ಬಿತ್ತು. ಬೀಜ ಇಡ್ತೀನಿ ನಿನಗ."

ಕೊಳವೆ ಅಣ್ಣನ ಬಾಯಿಗೇ ಬಿತ್ತು. ಎರಡು ಹಲ್ಲು ಮಣ್ಣಿಗೆ ಉದುರಿದವು. ಈ ಹೊಲದಲ್ಲಿ ಇನ್ನೆಂದೂ ಕಾಲಿಡುವುದಿಲ್ಲ ಎಂದು ಉಗುಳಿ ಗುರುಶಾಂತ ಇಳಿದು ಹೋದ. ವೈಜನಾಥ ಮಾತ್ರ ತಮ್ಮನ ಹೆಸರಿಗೆ ಬೀಜಕ್ಕೆಂದು ಒಂದು ಸಾಲು ಬೇರೆಯೇ ಬಿಟ್ಟಿದ್ದ.

*

ರುದ್ರಭೂಮಿಯಲ್ಲಿ ಅಯ್ಯನವರು, ಹೆಣ ಕೂರಿಸಲು ಒಡಹುಟ್ಟಿದವನೇ ಗುಂಡಿಗೆ ಇಳಿಯಬೇಕು, ಬರಿಮೈಯಲ್ಲಿ ಇಳಿಯಬೇಕು ಎಂದರು. ಗುರುಶಾಂತ ಹಿಂದೆ ಸರಿದ. ಹಿರಿಯರು ಗದರಿದರು. ಅವನು ಅಂಗಿ ಬಿಚ್ಚಿ ಇಳಿದು ಅಣ್ಣನ ಹೆಣವನ್ನು ಇಳಿಸಿಕೊಂಡ.

ತುಳಜಾಬಾಯಿ ಮೊದಲು ಲಾಲಪ್ಪನನ್ನು ನೋಡಿದಳು. ಬೆಳಿಗ್ಗೆ ಹೆಣ ಹೊತ್ತು ತಂದ ಅವನು ಕೈಗಳನ್ನು ಪರಪರ ಕೆರೆದುಕೊಳ್ಳುತ್ತಿದ್ದ. ಮೊಣಕೈವರೆಗೆ ಕೆಂಪು ಗುಳ್ಳೆ. ಆಮೇಲೆ ಗುಂಡಿಯೊಳಗೆ ನೋಡಿದಳು. ಮೈದುನನ ಕೈ, ಎದೆ, ಕತ್ತು ಎಲ್ಲ ಕಡೆ ಅವೇ ಗುಳ್ಳೆ. ಹೊರಳಾಡಿದವನ ಮೈ ಅದು.

"ಗುರುಶಾಂತಾ, ನಿನ್ನ ಮೈಮ್ಯಾಲಿನ ಗುಳ್ಳಿ ಯಾವ ಹೊಲದ್ದು?"

"ನನ್ನ ಹೊಲದ್ದೇ, ವೈನಿ."

ಲಾಲಪ್ಪ ಕೆರೆಯುವುದನ್ನು ನಿಲ್ಲಿಸಿದ. "ನಿಮ್ಮ ಹೊಲದಾಗ ಹುಳ ಏನ್ ಬಿಟ್ಟಾವರಿ, ಸಾವಕಾರ್ರ?"

ಗುರುಶಾಂತ ಗುಂಡಿಯ ಅಂಚಿನಲ್ಲಿದ್ದ ಸಲಿಕೆಗೆ ಕೈ ಹಾಕಿ ಬೀಸಿದ. ಅಂಚಿನಿಂದ ಬಗ್ಗಿದ್ದ ಲಾಲಪ್ಪನ ಕಿವಿ ಹರಿಯಿತು. ಮತ್ತೊಮ್ಮೆ ಎತ್ತುವಷ್ಟರಲ್ಲಿ ಬೀಗರು ಗುಂಡಿಗೆ ಹಾರಿ ಅವನ ಮೇಲೆ ಬಿದ್ದರು. ಎತ್ತಿಗೆ ಬಾರಿಸಿದ ಕೈಗಳೇ ಈಗ ಅವನಿಗೆ ಬಾರಿಸಿದವು. ಅವನು ಕುಸಿದು, ಗುಂಡಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಅಣ್ಣನ ತೊಡೆಯ ಮೇಲೆ ತಲೆ ಇಟ್ಟು ಬಿದ್ದ. ಮೂಗಿನ ರಕ್ತ ಹೊಸ ಧೋತರಕ್ಕೆ ಹರಡಿತು.

"ಬಿಡ್ರಿ. ಜೀವ ತೆಗೀಬ್ಯಾಡ್ರಿ," ಎಂದಳು ತುಳಜಾಬಾಯಿ. "ಮಣ್ಣೂ ಹಾಕಬ್ಯಾಡ್ರಿ."

ಹುಮನಾಬಾದಿನಿಂದ ಪೊಲೀಸ್ ಜೀಪು ಬಂತು. ವೈಜನಾಥನನ್ನು ಗುಂಡಿಯಿಂದ ಮೇಲೆತ್ತಿ ಆಸ್ಪತ್ರೆಗೆ ಒಯ್ದರು. ಕೊಯ್ದು ಹೊಲಿದ ಮೈಯನ್ನು ಮರುದಿನ ಅದೇ ಗುಂಡಿಯಲ್ಲಿ ಕೂರಿಸಿದರು.

ಮುಂದಿನ ವಾರ ತುಳಜಾಬಾಯಿ ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಸೋಯಾ ಕೊಯ್ದಳು. ಬೇರೆ ಬಿಟ್ಟ ಸಾಲನ್ನು ಕೊಯ್ಯಲಿಲ್ಲ. ಕಾಯಿ ಒಡೆದು ಕಾಳು ಅಲ್ಲೇ ಉದುರಿತು. ಎತ್ತಿನ ಎಡಗಣ್ಣಿಗೆ ಮತ್ತೆ ಏನೂ ಕಾಣಲಿಲ್ಲ.