ನೆಲವೇ ಡೊಂಕು

“ಅದು ಅಂಚು. ಕಿಟಕಿಯ ಮೂಲೆ ಹಿಡೀರಿ, ಮೂಲೆ. ಹಾಂ, ಈಗ ಎಳೀರಿ.”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ತನ್ನ ಕಂಪ್ಯೂಟರಿನಲ್ಲಿ ದೂರದ ಯಾವುದೋ ಅಂಗಡಿಯ ಪರದೆಯನ್ನು ನೋಡುತ್ತಿದ್ದಳು. ಅಂಗಡಿಯವನು ಅಕ್ಷರ ಕಾಣಿಸುವುದಿಲ್ಲವೆಂದು ದೊಡ್ಡದು ಮಾಡಿಕೊಂಡಿದ್ದ. ಅಕ್ಷರ ಬೆಳೆದಿತ್ತು, ಬಟನ್ ಬೆಳೆದಿರಲಿಲ್ಲ. ಮದುವೆಗೆ ಹೊಲಿಸಿದ ಕೋಟನ್ನು ಮಕ್ಕಳಾದ ಮೇಲೆ ತೊಟ್ಟವನಂತೆ ಒಂದೊಂದು ಪದವೂ ಉಸಿರು ಬಿಗಿಹಿಡಿದು ನಿಂತಿತ್ತು.

“ಬಂತು, ಬಂತು,” ಎಂದ ಅವನು. “ಇದನ್ನ ಮೊದಲೇ ಅಗಲ ಮಾಡಿ ಕೊಡೋಕೆ ಏನಾಗಿತ್ತು ನಿಮಗೆ?”

“ಮುಂದಿನ ಸಲ ತಾನೇ ಅಗಲ ಆಗೋ ಹಾಗೆ ಮಾಡ್ತೀನಿ,” ಎಂದು ಅವಳು ಫೋನಿಟ್ಟು ಕುತ್ತಿಗೆ ನೀವಿಕೊಂಡಳು. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಮೇಜಿನ ಮೇಲೆ ಗಂಡನ ಹೆಡ್‌ಫೋನು ಬಿದ್ದಿತ್ತು. ಕಿವಿಗೆ ಕೂರುವ ಅದರ ಮೆತ್ತೆಗಳು ತಲೆಯೆಣ್ಣೆ ಕುಡಿದು ಕುಡಿದು ಕರ್ರಗೆ ಮಿರುಗುತ್ತಿದ್ದವು. ಅದನ್ನು ಹಾಕಿಕೊಳ್ಳುವುದಕ್ಕಿಂತ ಕುತ್ತಿಗೆ ಉಳುಕಿದರೂ ವಾಸಿ ಎನಿಸಿತ್ತು ಅವಳಿಗೆ.

ಫೋನೆತ್ತುವುದು ಅವಳ ಕೆಲಸವಲ್ಲ. ಕನ್ನಡಕದ ಅಂಗಡಿಗಳವರು ಆರ್ಡರ್ ಬರೆದುಕೊಳ್ಳುವ ಪ್ರೋಗ್ರಾಂ ಮಾಡಿ ಮಾರುವುದು ಆ ಮನೆಯ ವ್ಯಾಪಾರ. ಕೆಳಗಿನ ಅಂತಸ್ತು ಆಫೀಸು, ಮೇಲಿನದು ಸಂಸಾರ. ಗಂಡನ ಅಣ್ಣ, ಅಂದರೆ ಅವಳ ಭಾವ, ಊರೂರು ತಿರುಗಿ ಮಾರುತ್ತಿದ್ದರು. ಮಾರಿದ ಮೇಲೆ ಬರುವ ದೂರುಗಳನ್ನು ಗಂಡ ಫೋನಿನಲ್ಲಿ ಕೇಳಿ ಸಮಾಧಾನ ಮಾಡುತ್ತಿದ್ದ. ಪರದೆಯ ಮೇಲೆ ಕಣ್ಣಿಗೆ ಕಾಣುವ ಕಿಟಕಿ, ಬಟನ್, ಖಾನೆ, ಎಲ್ಲವನ್ನೂ ಕಟ್ಟಿದವಳು ಅವಳು. ಅದಕ್ಕೇ ಭಾವ ಅವಳಿಗೆ ‘ಕಿಟಕಿಯಮ್ಮ’ ಎಂದು ಹೆಸರಿಟ್ಟಿದ್ದರು. ಇವತ್ತು ಗಂಡ ಹಲ್ಲು ನೋವೆಂದು ಡಾಕ್ಟರ ಬಳಿ ಹೋಗಿದ್ದರಿಂದ ದೂರುಗಳು ನೇರ ಅವಳ ಕಿವಿಗೇ ಬೀಳುತ್ತಿದ್ದವು.

ಮತ್ತೆ ಫೋನು ಬಂತು. ಈ ಸಲ ಹೆಂಗಸಿನ ದನಿ, ವಯಸ್ಸಾದದ್ದು, ಸಂಕೋಚದ್ದು. ದೊಡ್ಡ ಅಂಗಡಿಯೊಂದರಲ್ಲಿ ಆರ್ಡರ್ ಮೇಜಿಗೆ ಕೂರುವವಳಂತೆ.

“ಸಾರ್ ಇಲ್ವಾ ಮೇಡಂ?”

“ಹೊರಗೆ ಹೋಗಿದ್ದಾರೆ. ನನ್ನ ಹತ್ರ ಹೇಳಿ.”

“ಏನಿಲ್ಲ, ಅದೇ. ಪುಟ ನಡುವೆ ಗಕ್ಕಂತ ನಿಲ್ಲತ್ತೆ. ಸಾರ್‌ಗೆ ಎಷ್ಟೋ ಸಲ ಹೇಳಿದೀನಿ. ಮೌಸ್ ಹಳೇದಾಗಿದೆ ಅಂದ್ರು. ಹೊಸದು ತಂದ್ವಿ. ಅದೂ ನಿಲ್ಲತ್ತೆ.”

“ಒಂದು ಆರ್ಡರ್ ಹಾಕಿ ತೋರಿಸಿ. ನಾನು ಇಲ್ಲಿಂದ ನೋಡ್ತಿರ್ತೀನಿ.”

ಹೆಂಗಸು ಹಾಕತೊಡಗಿದಳು. ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು, ಮಗುವಿಗೆ ಉಣಿಸುವಷ್ಟು ನಿಧಾನ. “ಬಲಗಣ್ಣು. ಪ್ಲಸ್. ಎರಡೂವರೆ. ಎಡಗಣ್ಣು. ಪ್ಲಸ್. ಎರಡು. ಹೀಗೆ ಹೇಳ್ಕೊಂಡೇ ಹಾಕ್ತೀನಿ ಮೇಡಂ ಈಗ, ತಪ್ಪಾಗ್ಬಾರ್ದು ಅಂತ. ಉಳಿಸೋ ಬಟನ್ ಕೆಳಗಿದೆ.”

“ಮೌಸ್ ಚಕ್ರ ತಿರುಗಿಸಿ ಕೆಳಗೆ ಬನ್ನಿ.”

ಪುಟ ಮೇಲಕ್ಕೆ ಸರಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಮೌಸಿನ ಬಾಣ ಇದ್ದಲ್ಲೇ ಇತ್ತು. ಪುಟ ಸರಿದದ್ದರಿಂದ ಬಲಗಣ್ಣಿನ ಪೆಟ್ಟಿಗೆ ಅದರ ಅಡಿಗೆ ಬಂದು ಕೂತಿತ್ತು. ಒತ್ತಿದರೆ ಬಿಚ್ಚಿಕೊಂಡು ಪ್ಲಸ್, ಮೈನಸ್ ಎಂದು ಎರಡೇ ಸಾಲು ತೋರಿಸುವ ಪೆಟ್ಟಿಗೆ ಅದು. ಹೆಂಗಸು ಮತ್ತೊಮ್ಮೆ ಚಕ್ರ ತಿರುಗಿಸಿದಳು. ಪುಟ ಅಲುಗಲಿಲ್ಲ. ಪೆಟ್ಟಿಗೆಯೊಳಗಿನ ಪ್ಲಸ್ ಸದ್ದಿಲ್ಲದೆ ಮೈನಸ್ ಆಯಿತು.

“ನೋಡಿದ್ರಾ, ನಿಂತ್ಕೊಳ್ತಲ್ಲ? ಹೀಗೆ ಪಕ್ಕಕ್ಕೆ ತಗೊಂಡ್ರೆ ಹೋಗತ್ತೆ.”

ಬಾಣ ಪಕ್ಕಕ್ಕೆ ಹೋಯಿತು, ಪುಟ ಮುಂದೆ ಸರಿಯಿತು, ಬಲಗಣ್ಣಿನ ಸಾಲು ಪರದೆಯ ಮೇಲಂಚಿನಾಚೆ ಮರೆಯಾಯಿತು. ಆ ಹೆಂಗಸು ಏನನ್ನೂ ಗಮನಿಸಿರಲಿಲ್ಲ. ಯಾರೇ ಆದರೂ ಆಗ ಕೆಳಗಿನ ಬಟನ್ ಹುಡುಕುತ್ತಾರೆಯೇ ಹೊರತು ಮೇಲೆ ನೋಡುವುದಿಲ್ಲ.

“ಉಳಿಸಬೇಡಿ!” ಎಂದಳು ಅವಳು, ತನಗೇ ಕೇಳಿ ಬೆಚ್ಚುವಷ್ಟು ಜೋರಾಗಿ. ಆಮೇಲೆ ದನಿ ತಗ್ಗಿಸಿ, “ಈಚೆಗೆ ಆರ್ಡರ್‌ಗಳಲ್ಲಿ ತಪ್ಪು ಬಂದಿದ್ಯಾ?” ಎಂದು ಕೇಳಿದಳು.

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಪಿಸುದನಿ.

“ನಿಮಗೂ ಗೊತ್ತಾಯ್ತಾ? ಬಂದಿದೆ ಮೇಡಂ. ಒಬ್ಬ ಅಜ್ಜ ಮೆಟ್ಟಿಲಿಂದ ಬಿದ್ರು. ಹೊಸ ಕನ್ನಡಕ, ಅಭ್ಯಾಸ ಆಗತ್ತೆ ಅಂತ ನಮ್ಮವರು ಕಳಿಸಿಬಿಟ್ಟಿದ್ರು. ತೆಗೆದು ನೋಡಿದ್ರೆ ಉಲ್ಟಾ ಗ್ಲಾಸು. ನಾಳೆ ನೀವೆಲ್ಲ ನಮ್ಮ ಅಂಗಡಿಗೆ ಬರ್ತೀರಂತಲ್ಲ? ಎಲ್ಲರ ಎದುರಿಗೆ ಕಂಪ್ಯೂಟರಲ್ಲಿ ತೆಗೆದು ತೋರಿಸ್ತಾರಂತೆ, ಯಾರು ಹಾಕಿದ್ದು ಅಂತ. ನಂದೇ ಹೆಸರಿರತ್ತೆ. ಇರ್ಲಿ, ಕೆಲಸ ಹೋದ್ರೆ ಹೋಗ್ಲಿ.” ಮೂಗೊರೆಸಿಕೊಂಡ ಸದ್ದಾಯಿತು. “ಅದಲ್ಲ ನನ್ನ ಚಿಂತೆ. ನಮ್ಮಮ್ಮ ಕೊನೆಕೊನೆಗೆ ನನ್ನನ್ನೇ ‘ಯಾರಮ್ಮಾ ನೀನು’ ಅಂತಿದ್ರು. ನಂಗೂ ಅದೇ ಶುರುವಾಗಿದೆ. ಒಲೆ ಆರಿಸಿದ್ನಾ ಅಂತ ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡ್ತೀನಿ. ಆರಿಸಿಯೇ ಇರ್ತೀನಿ, ಆದ್ರೂ ನಂಬಿಕೆ ಇಲ್ಲ. ಮಗಳಿಗೆ ಹೇಳಿಲ್ಲ. ನಿಮ್ಮ ಸಾರ್‌ಗೆ ಮಾತ್ರ ಹೇಳಿದ್ದೆ. ‘ವಯಸ್ಸಾಯ್ತಲ್ಲ ತಾಯಿ, ಒಂದ್ಸಲ ಡಾಕ್ಟರ್‌ಗೆ ತೋರಿಸ್ಕೊಳ್ಳಿ’ ಅಂದ್ರು. ಒಳ್ಳೇವ್ರು ಅವ್ರು.”

“ತಪ್ಪಾಗಿದ್ದೆಲ್ಲ ಪ್ಲಸ್ ಹೋಗಿ ಮೈನಸ್ ಆಗಿದ್ದೇನಾ?”

“ಹೂಂ. ಎಲ್ಲಾ ಅದೇ.”

“ಮೈನಸ್ ಹೋಗಿ ಪ್ಲಸ್ ಆಗಿದ್ದು?”

“ಇಲ್ಲ. ಒಂದೂ ಇಲ್ಲ.”

ಮರೆವು ಹಾಗೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಪೆಟ್ಟಿಗೆಯಲ್ಲಿ ಪ್ಲಸ್ ಮೇಲಿತ್ತು, ಮೈನಸ್ ಕೆಳಗಿತ್ತು; ಚಕ್ರ ಕೆಳಕ್ಕೆ ತಿರುಗುತ್ತಿತ್ತು. ಅಷ್ಟೇ.

“ಇವತ್ತು ಚಕ್ರ ಮುಟ್ಟಲೇಬೇಡಿ,” ಎಂದಳು ಅವಳು. “ಬಲಗಡೆ ಅಂಚಿನ ಪಟ್ಟಿ ಹಿಡಿದು ಎಳೆದು ಕೆಳಗೆ ಬನ್ನಿ. ನಾನು ಸರಿಯಾಗಿ ನೋಡಿ ಹೇಳ್ತೀನಿ. ನಾಳೆ ಬೆಳಿಗ್ಗೆ ನೀವು ಅಂಗಡಿಯಲ್ಲೇ ಇರಿ.”

ಫೋನಿಟ್ಟ ಮೇಲೆ ತನ್ನ ಯಂತ್ರದಲ್ಲೇ ಮಾಡಿ ನೋಡಿದಳು. ಪ್ಲಸ್, ಚಕ್ರ, ಮೈನಸ್. ಮತ್ತೆ ಪ್ಲಸ್, ಚಕ್ರ, ಮೈನಸ್. ಅವಳು ಕಟ್ಟುವಾಗ ಪುಟವನ್ನು ಸರಿಸುವ ಅಗತ್ಯವೇ ಇರಲಿಲ್ಲ, ಅವಳ ಪರದೆಯಲ್ಲಿ ಪುಟ ಪೂರ್ತಿ ಹಿಡಿಸುತ್ತಿತ್ತು. ಅಂಗಡಿಗಳ ಸಣ್ಣ ಪರದೆಯಲ್ಲಿ ಹಿಡಿಸುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಪೆಟ್ಟಿಗೆ ಕೊಂಡು ತಂದ ಸಿದ್ಧ ಸಾಮಾನು, ಚಕ್ರ ಕಂಡರೆ ಕುಣಿಯುವುದು ಅದರ ಹುಟ್ಟುಗುಣ. ತನ್ನ ಕೈಕೆಲಸದ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಚೆಂದದ ಲೋಟದ ತಳದಲ್ಲಿ ಹುಳು ಕಂಡ ಹಾಗೆ.

ಗಂಡ ಒಂದು ಕೆನ್ನೆ ಊದಿಸಿಕೊಂಡು ಬಂದ. ಅವಳು ತೋರಿಸಿದಳು. ಅವನು ಬಗ್ಗಿ ನೋಡಿ, ನೆಟ್ಟಗಾಗಿ, “ಓ, ಅದಾ? ಗೊತ್ತು,” ಎಂದ.

“ಗೊತ್ತು ಅಂದ್ರೆ?”

“ಇನ್ನೊಂದು ಅಂಗಡಿಯವರು ಹೇಳಿದ್ರು. ನಾನೇ ಮಾಡಿ ನೋಡಿದ್ದೆ. ಅಣ್ಣಂಗೆ ಹೇಳಿದೆ. ಈಗ ಬೇಡ, ಆ ದೊಡ್ಡ ಅಂಗಡಿಯವರು ಉಳಿದ ಬ್ರಾಂಚ್‌ಗೂ ತಗೊಳ್ಳಲಿ, ಆಮೇಲೆ ಸದ್ದಿಲ್ಲದೆ ಸರಿ ಮಾಡಿಸಿದ್ರಾಯ್ತು ಅಂದ.”

“ನನಗೆ ಯಾಕ್ರೀ ಹೇಳ್ಲಿಲ್ಲ?”

“ನಿಂಗೆ ಹೇಳಿದ್ರೆ ಊರಿಗೆಲ್ಲ ಹೇಳ್ತೀಯ.”

“ಆ ಹೆಂಗಸಿಗೆ ಡಾಕ್ಟರ ಹತ್ರ ಹೋಗಿ ಅಂದ್ರಂತೆ. ಗೊತ್ತಿದ್ದೂ?”

“ತೋರಿಸ್ಕೊಂಡ್ರೆ ಕೆಟ್ಟದ್ದೇನು? ಆ ವಯಸ್ಸಿಗೆ ತೋರಿಸ್ಕೋಬೇಕು. ನಾನೇನು ಒರಟಾಗಿ ಹೇಳ್ಲಿಲ್ಲವಲ್ಲ,” ಎಂದ ಅವನು, ಬೆಣ್ಣೆಯಲ್ಲಿ ಅದ್ದಿದ ದನಿಯಲ್ಲಿ.

ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ಇಟ್ಟ ಕೀಲಿ ಇಟ್ಟಲ್ಲಿ ಇಲ್ಲವೆಂದರೆ, “ನೀನೇ ಎಲ್ಲೋ ಇಟ್ಟಿರ್ತೀಯ ನೋಡು ಚಿನ್ನಾ.” ಹೆರಿಗೆಯಾದ ಮೇಲೆ ತಲೆ ಸುತ್ತುತ್ತದೆಂದರೆ, “ನಿಂಗೆ ಹಾಗನ್ಸತ್ತೆ ಅಷ್ಟೆ.” ಕೀಲಿ ಅವನ ಜೇಬಿನಲ್ಲೇ ಸಿಕ್ಕಿತ್ತು, ತಲೆ ಸುತ್ತಿದ್ದು ರಕ್ತ ಕಡಿಮೆಯಾಗಿ. ಆಗೆಲ್ಲ ಅದನ್ನು ಅವಳು ಮೃದು ಸ್ವಭಾವ ಅಂದುಕೊಂಡಿದ್ದಳು. ತವರಿನಲ್ಲಿ ಅದನ್ನೇ ಹೊಗಳಿಕೊಂಡಿದ್ದಳು ಕೂಡ. ಈಗ ಅವನ ಊದಿದ ಕೆನ್ನೆ, ಬಾಯಿಯ ಔಷಧದ ವಾಸನೆ ಎರಡೂ ತೀರ ಹತ್ತಿರ ಎನಿಸಿದವು. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ತಳ್ಳಿಕೊಂಡಳು.

ಭಾವ ಒಳಗಿನ ಕೋಣೆಯಲ್ಲಿದ್ದರು. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತ, ಅವಳು ಎದುರಿಗೆ ಕೂತು ಹೇಳಿದ್ದನ್ನೆಲ್ಲ ಕೇಳಿದರು. ಮುಚ್ಚಳವನ್ನೊಮ್ಮೆ ಪರೀಕ್ಷಿಸಿ, ಮತ್ತೆ ಪೆನ್ನಿಗೆ ಸಿಕ್ಕಿಸಿದರು.

“ನೋಡಮ್ಮ ಕಿಟಕಿಯಮ್ಮ, ಪ್ರೋಗ್ರಾಂ ಅಂದ್ಮೇಲೆ ಒಂದಲ್ಲ ಒಂದು ಕೀಲು ಸಡಿಲ ಇದ್ದೇ ಇರತ್ತೆ. ಬಿಗಿ ಮಾಡು, ಯಾರು ಬೇಡ ಅಂದ್ರು? ಡಂಗುರ ಯಾಕೆ?”

“ತನಗೆ ಮರೆವು ಬಂದಿದೆ ಅಂತ ಆ ಹೆಂಗಸೇ ನಂಬಿದಾರೆ ಭಾವ. ನಾಳೆ ಕೆಲಸವೂ ಹೋಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.”

“ಅವರ ಕೈಯಲ್ಲೇ ತಾನೆ ಚಕ್ರ ತಿರುಗಿದ್ದು? ನಾನು ಹೋಗಿ ತಿರುಗಿಸಿದ್ನಾ? ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ.”

“ನೆಲ ಡೊಂಕೇ ಇದೆ ಭಾವ. ಹಾಸಿದವಳು ನಾನೇ.”

“ಹಾಸಿದವಳು ನೀನಾದ್ರೆ ಇನ್ನೂ ಮೆಲ್ಲಗೆ ಮಾತಾಡ್ಬೇಕು,” ಎಂದು ಅವರು ನಕ್ಕರು. ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಊಟ ಇನ್ನೂ ಇತ್ತು. “ಸಂಜೆಯೊಳಗೆ ಸರಿ ಮಾಡಿ ಎಲ್ಲ ಅಂಗಡಿಗೂ ಕಳಿಸು. ನನ್ನ ಲ್ಯಾಪ್‌ಟಾಪ್‌ಗೂ ಹೊಸದು ಹಾಕು, ನಾಳೆ ಆ ಅಂಗಡಿ ಯಜಮಾನರಿಗೆ ಅದರಲ್ಲೇ ತೋರಿಸೋದು. ಆ ಹೆಂಗಸಿನ ವಿಷಯ ಕೇಳಿದ್ರೆ, ಯಾರ ಹೆಸರಲ್ಲಿ ಆರ್ಡರ್ ಆಗಿದೆ ಅಂತ ತೆಗೆದು ತೋರಿಸು. ಅಷ್ಟೇ. ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ.”

ಬಾಗಿಲಿಗೆ ಒರಗಿ ನಿಂತಿದ್ದ ಗಂಡ, “ಅಣ್ಣ ಹೇಳೋದ್ರಲ್ಲೂ ಒಂದು ಅರ್ಥ ಇದೆ,” ಎಂದ. ಮದುವೆಯಾದಂದಿನಿಂದ ಅಣ್ಣನ ವಿಷಯ ಬಂದಾಗಲೆಲ್ಲ ಅವನು ಆಡುತ್ತ ಬಂದ ಮಾತು ಅದು, ಅದಕ್ಕೆ ಮಾತ್ರ ಬೆಣ್ಣೆ ಹಚ್ಚುತ್ತಿರಲಿಲ್ಲ.

ಅವಳು ಎದ್ದು ತನ್ನ ಮೇಜಿಗೆ ಬಂದಳು. ಕೂಗಾಡಬಹುದಿತ್ತು. ಕೂಗಿದರೆ ಭಾವ ನಗುತ್ತಾರೆ, ಗಂಡ ಬೆನ್ನು ತಟ್ಟುತ್ತಾನೆ, ನಾಳೆ ಅಂಗಡಿಗೆ ಅವಳನ್ನು ಬಿಟ್ಟು ಅವರಿಬ್ಬರೇ ಹೋಗುತ್ತಾರೆ. ಬಾಗಿಲಲ್ಲಿ ಒರಗಿದ್ದವನ ಕೈ ಇನ್ನೇನು ಬೆನ್ನ ಮೇಲೆ ಬಂದೇ ಬಿಡುತ್ತದೆ ಎನಿಸಿ ಮೈ ಮುದುಡಿತು.

ಕೆಲಸಕ್ಕೆ ಕೂತಳು. ಸರಿ ಮಾಡುವುದು ಕಷ್ಟವೇನಾಗಿರಲಿಲ್ಲ. ಅದು ಇನ್ನಷ್ಟು ಅಸಹ್ಯ ಹುಟ್ಟಿಸಿತು. ಬೆರಳೆಣಿಕೆಯ ಸಾಲು. ಯಾರಾದರೂ ಒತ್ತಿ ತೆರೆಯುವವರೆಗೆ ಪೆಟ್ಟಿಗೆ ಚಕ್ರದ ಮಾತು ಕೇಳಬಾರದು, ಚಕ್ರವನ್ನು ಪುಟಕ್ಕೆ ಬಿಟ್ಟುಕೊಡಬೇಕು. ಉಳಿಸುವ ಬಟನನ್ನು ಪುಟದಿಂದ ಬಿಡಿಸಿ ಕಿಟಕಿಯ ಬುಡಕ್ಕೆ ಕಚ್ಚಿಸಿದಳು. ಪರದೆ ಎಷ್ಟೇ ಸಣ್ಣದಿರಲಿ, ಇನ್ನು ಅದನ್ನು ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ. ಅದರ ಪಕ್ಕದಲ್ಲೇ ಎರಡೂ ಕಣ್ಣಿನ ಪವರ್ ದೊಡ್ಡ ಅಕ್ಷರದಲ್ಲಿ ಕಾಣುವಂತೆ ಮಾಡಿದಳು. ಒತ್ತುವ ಮೊದಲು ಕಣ್ಣಿಗೆ ಬೀಳಲಿ. ಸಣ್ಣ ಪರದೆ ಇಟ್ಟು ನೋಡಿದಳು, ಅಕ್ಷರ ದೊಡ್ಡದು ಮಾಡಿ ನೋಡಿದಳು, ಪುಟದ ಮೂಲೆಮೂಲೆಯಲ್ಲಿ ಬಾಣವಿಟ್ಟು ಚಕ್ರ ತಿರುಗಿಸಿದಳು. ಪ್ಲಸ್ ಪ್ಲಸ್ಸಾಗಿಯೇ ಇತ್ತು.

ಅಂಗಡಿಗಳಿಗೆ ಕಳಿಸುವಾಗ ಏನು ಬದಲಾಯಿತೆಂದು ಒಂದು ಸಾಲು ಬರೆಯಬೇಕು. ಭಾವ ಹಿಂದೆ ಬಂದು ನಿಂತು, ಅವಳ ಕುರ್ಚಿಯ ಬೆನ್ನಿಗೆ ಕೈಯೂರಿ, “‘ಸಣ್ಣಪುಟ್ಟ ಸುಧಾರಣೆಗಳು’ ಅಂತ ಹಾಕು,” ಎಂದರು. ಅವರ ಉಸಿರು ನೆತ್ತಿಗೆ ತಾಗಿತು. ಒಬ್ಬ ಅಜ್ಜನ ಮೆಟ್ಟಿಲು, ಒಬ್ಬ ಹೆಂಗಸಿನ ಒಲೆ, ದಾರಿ, ಅಮ್ಮ, ಎಲ್ಲವೂ ಆ ಎರಡು ಪದದೊಳಗೆ ಹೋಗಿ ಬಿದ್ದವು. ಅವಳು ಹಾಗೇ ಹಾಕಿ ಕಳಿಸಿದಳು. ಕೊನೇಪಕ್ಷ ಇವತ್ತಿನಿಂದ ಯಾರ ಕಣ್ಣೂ ಉಲ್ಟಾ ಆಗುವುದಿಲ್ಲ.

ಭಾವ ಕೈ ತೊಳೆಯದೆಯೇ ಚಹಾ ಕುಡಿಯಲು ಮೇಲೆ ಹೋದರು. ಗಂಡ ಹೆಡ್‌ಫೋನು ಏರಿಸಿಕೊಂಡು ಯಾರಿಗೋ, “ಹೌದಾ ತಾಯಿ, ಅಯ್ಯೋ ಪಾಪ,” ಎನ್ನುತ್ತಿದ್ದ.

ಅವಳು ಭಾವನ ಲ್ಯಾಪ್‌ಟಾಪ್ ತೆರೆದಳು. ಪ್ರೋಗ್ರಾಂ ಬಿಚ್ಚಿಕೊಂಡಿತು. ‘ಹೊಸ ಆವೃತ್ತಿ ಬಂದಿದೆ. ಈಗಲೇ ಹಾಕಲೇ?’ ಎಂದು ಕೇಳಿತು. ಆ ವಾಕ್ಯ ಬರೆದದ್ದೂ ಅವಳೇ. ಬೆರಳು ‘ಹೌದು’ ಎನ್ನುವುದರ ಮೇಲೆ ಹೋಗಿ ನಿಂತಿತು.

ನಾಳೆ ಅಂಗಡಿಯಲ್ಲಿ ಮಾತಾಡುವವರು ಭಾವ. ಅವಳು ಬಾಯಿ ತೆರೆದರೆ ಮಾತನ್ನು ನಡುವೆಯೇ ಕತ್ತರಿಸುವವರೂ ಅವರೇ. ಆದರೆ ಯಜಮಾನರ ಕೈಗೆ ಮೌಸ್ ಕೊಟ್ಟು, “ನೀವೇ ಒಂದು ಆರ್ಡರ್ ಹಾಕಿ ನೋಡಿ ಸಾರ್, ಪ್ಲಸ್ ಹಾಕಿ, ಈಗ ಕೆಳಗೆ ಬನ್ನಿ, ಈಗ ಮೇಲೆ ನೋಡಿ,” ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆ ಹೆಂಗಸು ಪಕ್ಕದಲ್ಲೇ ನಿಂತಿರುತ್ತಾಳೆ. ಅವಳೂ ನೋಡುತ್ತಾಳೆ. ಆಮೇಲೆ ಈ ಮನೆಯ ಮೇಲಿನ ಅಂತಸ್ತಿನಲ್ಲಿ ಏನಾದರೂ ಆಗಲಿ.

ಅವಳು ‘ಬೇಡ’ ಎಂಬುದನ್ನು ಒತ್ತಿದಳು. ಹಳೆಯದು ಹಾಗೇ ಉಳಿಯಿತು; ತಾನಾಗಿಯೇ ಹೊಸದು ಹಾಕಿಕೊಳ್ಳದಂತೆಯೂ ಮಾಡಿದಳು.

ಲ್ಯಾಪ್‌ಟಾಪಿನ ಜತೆಗಿದ್ದ ಮೌಸಿನ ಚಕ್ರದ ಗೆರೆಗಳಲ್ಲಿ ಭಾವನ ಬೆರಳಿನ ಜಿಡ್ಡು ಕಪ್ಪಗೆ ಮೆತ್ತಿಕೊಂಡಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ, ಮೂಗಿನಿಂದ ದೂರ ಹಿಡಿದು, ಒಂದೊಂದು ಗೆರೆಯನ್ನೂ ತಿಕ್ಕಿದಳು. ಚಕ್ರ ಈಗ ಹಗುರಾಗಿ ತಿರುಗಿತು.

“ಲ್ಯಾಪ್‌ಟಾಪ್ ರೆಡಿ ಆಯ್ತಾ?” ಎಂದು ಗಂಡ ಒಂದು ಕಿವಿಯ ಮೆತ್ತೆ ಎತ್ತಿ ಕೇಳಿದ.

“ಆಯ್ತು,” ಎಂದು ಅವಳು ಚೀಲದ ಜಿಪ್ ಎಳೆದಳು.