ಅಮ್ಮನ ಹೆಸರಿನ ಕಾಗದ

ಭಾನುವಾರ ಬೆಳಗಿನ ಉಪಾಹಾರ ಮುಗಿದ ಮೇಲೆ ಧ್ಯಾನಕೂಟದ ನಲವತ್ತೊಂದು ಕಾಲೇಜು ಮಕ್ಕಳ ಮಡಿಲಿಗೆ ಒಂದೊಂದು ಚೀಲ ಬಿತ್ತು. ಮೂರು ದಿನದಿಂದ ಫೋನಿಲ್ಲದೆ, ಹರಟೆಯಿಲ್ಲದೆ ಹರಾಬಕೋವಾ ಎಂಬ ಗುಡ್ಡದೂರಿನ ಪೈನ್ ಮರಗಳ ನಡುವೆ ಕೂತಿದ್ದವರಿಗೆ ಮನೆಯವರು ಗುಟ್ಟಾಗಿ ಬರೆದು ಕಳಿಸಿದ ಕಾಗದಗಳು ಅದರೊಳಗಿದ್ದವು. ಇಂಥ ಕಾಗದಕ್ಕೆ ಇಲ್ಲಿ ಪಲಾಂಕಾ ಎನ್ನುತ್ತಾರೆ, ಅಂದರೆ ಹಾರೆ. ಎದೆಯ ಮೇಲೆ ಕೂತ ಬಂಡೆಯನ್ನು ಮೀಟುವುದಕ್ಕೆ. ಐದೇ ನಿಮಿಷಕ್ಕೆ ಸಭಾಂಗಣದ ತುಂಬ ಮೂಗೊರೆಸುವ ಸದ್ದು.

ಗೋಡೆಗೊರಗಿ ನಿಂತಿದ್ದ ಯಾನೆಲಿಸ್ ಅವರ ನಡುವೆ ಕೂತಿದ್ದ ವಿಲ್ಫ್ರಿನ್ ಎಂಬ ಹುಡುಗನನ್ನೇ ನೋಡುತ್ತಿದ್ದಳು. ನರ್ಸಿಂಗ್ ಕೊನೆಯ ವರ್ಷದ ಈ ಹುಡುಗಿಗೆ ಈ ಸಲ ಚೀಲಗಳ ಉಸ್ತುವಾರಿ. ಶನಿವಾರ ಮಧ್ಯಾಹ್ನ ನೋಡಿದರೆ ವಿಲ್ಫ್ರಿನ್‌ನ ಚೀಲ ಖಾಲಿ. ಫಾರಂನಲ್ಲಿದ್ದ ನಂಬರಿಗೆ ಮೂರು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಒಂದು ಚೀಲವೂ ಖಾಲಿ ಇರಕೂಡದು ಎಂಬುದು ಕೂಟದ ಕಟ್ಟಪ್ಪಣೆ. ತಾಯಿಯ ಹೆಸರು ನೊರ್ಬೆರ್ತಾ ಎಂದಿತ್ತು. ಪಾಪ, ದುಡಿಯುವ ಹೆಂಗಸು, ಪುರಸೊತ್ತಾಗಿರಲಿಕ್ಕಿಲ್ಲ ಎಂದುಕೊಂಡು ಯಾನೆಲಿಸ್ ಉಗ್ರಾಣದಲ್ಲಿ ಕೂತು ಆ ತಾಯಿಯ ಹೆಸರಿನಲ್ಲಿ ತಾನೇ ಒಂದೂವರೆ ಪುಟ ಬರೆದಳು. ನಿನ್ನ ಬಗ್ಗೆ ಹೆಮ್ಮೆ, ಹೊತ್ತಿಗೆ ಸರಿಯಾಗಿ ಊಟ ಮಾಡು, ನನ್ನಿಂದ ಏನಾದರೂ ಕೊರತೆಯಾಗಿದ್ದರೆ ಕ್ಷಮಿಸು ಮಗನೇ. ಎರಡು ವರ್ಷದ ಹಿಂದೆ ಅವಳೇ ಈ ಕೂಟಕ್ಕೆ ಬಂದಿದ್ದಾಗ ಅವಳಮ್ಮ ಬರೆದದ್ದರಲ್ಲೂ ಆ ಸಾಲು ಇತ್ತು. ಇಂಥ ಬುದ್ಧಿವಂತಿಕೆ ಒಳ್ಳೆಯ ಹುಡುಗಿಯರಿಗೆ ಮಾತ್ರ ಹೊಳೆಯುತ್ತದೆ.

ವಿಲ್ಫ್ರಿನ್ ಕಾಗದವನ್ನು ನಾಲ್ಕನೇ ಸಲ ಓದಿ ನೇರ ಅವಳ ಬಳಿ ಬಂದ. ಮೂರು ದಿನ ಪ್ರಾರ್ಥನೆಯಲ್ಲಿ ತೂಕಡಿಸುತ್ತ, ಎಲ್ಲರನ್ನೂ ಗೇಲಿ ಮಾಡುತ್ತಿದ್ದ ಹುಡುಗನ ಮುಖ ಬಿಳಿಚಿಕೊಂಡಿತ್ತು.

"ಇದನ್ನ ಯಾರು ತಂದ್ಕೊಟ್ರು?"

"ಯಾಕೆ?"

"ನಮ್ಮಮ್ಮ ಬರ್ದಿದಾಳೆ ಕಣೇ. ನಂಗೆ ಹತ್ತು ವರ್ಷ ಇದ್ದಾಗ ಕಳ್ಳದೋಣಿ ಹತ್ತಿ ಪೋರ್ಟೊ ರಿಕೊಗೆ ಅಂತ ಹೋದೋಳು. ಒಂಬತ್ತು ವರ್ಷ ಆಯ್ತು, ಒಂದು ಫೋನಿಲ್ಲ. ಸಮುದ್ರದಲ್ಲೇ ಹೋದ್ಳೋ ಏನೋ ಅಂದ್ಕೊಂಡಿದ್ವಿ. ಬದ್ಕಿದಾಳೆ."

"ವಿಚಾರಿಸಿ ಹೇಳ್ತೀನಿ" ಎಂದು ಯಾನೆಲಿಸ್ ತೊದಲಿದಳು.

"ಹನ್ನೆರಡರ ಕಾರ್ಯಕ್ರಮಕ್ಕೆ ಮನೆಯವ್ರೆಲ್ಲ ಬರ್ತಾರಲ್ಲ, ಅಜ್ಜೀನೂ ಬರ್ತಾಳೆ. ಮೈಕಲ್ಲಿ ಓದಿ ಹೇಳ್ತೀನಿ. ಮಗಳಿಗೋಸ್ಕರ ದಿನಾ ಮೊಂಬತ್ತಿ ಹಚ್ತಾಳೆ ಮುದುಕಿ" ಎಂದು ಅವನು ಪ್ರಾರ್ಥನಾಲಯಕ್ಕೆ ಹೋಗಿ ಮಂಡಿಯೂರಿದ.

ಯಾನೆಲಿಸ್ ಅದೇ ಪ್ರಾರ್ಥನಾಲಯದ ಮೂಲೆಗೆ, ಪಾಪನಿವೇದನೆ ಕೇಳಲು ಕೂತಿದ್ದ ಪಾದ್ರಿ ಎಲಿಹಿಯೊ ಅವರ ಹತ್ತಿರ ಓಡಿದಳು. ಎಲ್ಲವನ್ನೂ ಕಕ್ಕಿದಳು. ಅವರು ಕ್ಷಮೆಯ ಮಂತ್ರ ಹೇಳಿ ಶಿಲುಬೆಯ ಗುರುತು ಮಾಡಿದರು.

"ನೀವೇ ಅವನಿಗೆ ಹೇಳ್ಬಿಡಿ ಪಾದ್ರೆ."

"ಅಂಗಳದಲ್ಲಿ ನಿಂತು ಹೇಳಿದ್ರೆ ಹೇಳ್ಬಹುದಿತ್ತು ಮಗಳೇ. ಇಲ್ಲಿ ಪಾಪನಿವೇದನೆ ಅಂತ ಮಂಡಿಯೂರಿ ಹೇಳಿದ್ದು ನನ್ನ ಜೊತೆ ಮಣ್ಣಿಗೆ ಹೋಗ್ಬೇಕು. ನನ್ನ ಬಾಯಿಗೆ ನೀನೇ ಬೀಗ ಹಾಕ್ದೆ."

"ಹಾಗಿದ್ರೆ ಅಂಗಳಕ್ಕೆ ಬನ್ನಿ, ಇನ್ನೊಂದ್ಸಲ ಹೇಳ್ತೀನಿ."

"ಅಷ್ಟು ಧೈರ್ಯ ಇದ್ರೆ ನೇರ ಅವನಿಗೇ ಹೇಳು."

ಧೈರ್ಯ ಇರಲಿಲ್ಲ. ಹನ್ನೊಂದರವರೆಗೆ ಅವಳು ಕುರ್ಚಿ ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. ಹುಡುಗ ಮೊದಲ ಸಲ ಮಂಡಿಯೂರಿದ್ದಾನೆ, ಸುಳ್ಳಿನಿಂದಲೇ ಒಳ್ಳೆಯದಾದರೆ ಆಗಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಬಿಳಿ ಲಂಗ ತೊಟ್ಟ ಮುದುಕಿಯೊಬ್ಬಳು ಮೆಟ್ಟಿಲು ಹಿಡಿದು ಇಳಿಯುತ್ತಿದ್ದಳು. ವಿಲ್ಫ್ರಿನ್ ಜೇಬಿಗೆ ಕೈ ಹಾಕುತ್ತ ಅವಳತ್ತ ನಡೆದ. ಸತ್ತಿರಬಹುದಾದ ಮಗಳನ್ನು ತಾನು ಈ ಮುದುಕಿಗೆ ಬದುಕಿಸಿ ಕೊಡಲಿದ್ದೇನೆ ಎಂದು ಹೊಳೆದದ್ದೇ ಯಾನೆಲಿಸ್ ಓಡಿ ಅವನ ತೋಳು ಹಿಡಿದು ಅಡುಗೆಮನೆಯ ಹಿಂದಕ್ಕೆ ಎಳೆದಳು.

"ಅದನ್ನ ನಾನೇ ಬರ್ದದ್ದು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಅಮ್ಮನ ಹೆಸರು?"

"ಫಾರಂ ನೋಡ್ಕೊಂಡು ಬರ್ದೆ."

"ಕ್ಷಮಿಸು ಮಗನೇ ಅಂತ ಇದೆಯಲ್ಲ, ಅದು?"

"ಎಲ್ಲಾ ಅಮ್ಮಂದಿರೂ ಬರೀತಾರೆ ಅಂತ..."

ಅವನು ನಕ್ಕ. ಕೇಳಲಾಗದಂಥ ನಗು. "ನಮ್ಮಮ್ಮ ಬರ್ಯಲ್ಲ ಕಣೇ" ಎಂದು, ಕಾಗದವನ್ನು ಮುದ್ದೆ ಮಾಡಿ ಅವಳ ಕೈಗಿಟ್ಟು ಹೊರಟುಹೋದ.

ಹನ್ನೆರಡಕ್ಕೆ ಕಾರ್ಯಕ್ರಮ ಶುರುವಾಯಿತು. ಒಬ್ಬೊಬ್ಬರಾಗಿ ಬಂದು ಮಾತಾಡಿದರು, ಅತ್ತರು, ಚಪ್ಪಾಳೆ ಬಿತ್ತು. ವಿಲ್ಫ್ರಿನ್‌ನ ಹೆಸರು ಕರೆದಾಗ ಯಾನೆಲಿಸ್ ಕಣ್ಣು ಮುಚ್ಚಿದಳು. ಮಾನ ಹರಾಜು ಹಾಕಿದರೆ ಹಾಕಲಿ, ತಕ್ಕದ್ದೇ.

"ನನ್ನ ಚೀಲ ಖಾಲಿ ಇತ್ತು" ಎಂದ ಅವನು. "ಯಾರೋ ಪಾಪ ಅಂತ ಅಮ್ಮನ ಹೆಸರಲ್ಲಿ ಒಂದು ಕಾಗದ ಬರೆದಿಟ್ರು. ಅಜ್ಜಿ, ಅಮ್ಮನ ಸುದ್ದಿ ಏನೂ ಬಂದಿಲ್ಲ, ಆಸೆ ಇಟ್ಕೋಬೇಡ. ಆದ್ರೆ ಬೆಳಿಗ್ಗೆ ನಾನು ನಂಬಿದ್ದೆ. ನಂಬಿ, ಆ ಪ್ರಾರ್ಥನಾಲಯದಲ್ಲಿ ಕೂತು ಅವಳನ್ನ ಕ್ಷಮಿಸ್ಬಿಟ್ಟೆ. ಒಂಬತ್ತು ವರ್ಷದ ಸಿಟ್ಟು ಅದು. ಕಾಗದ ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಕ್ಷಮಿಸಿದ್ದನ್ನ ವಾಪಸ್ ತಗೊಳ್ಳೋಣ ಅಂತ ಒಂದು ಗಂಟೆಯಿಂದ ಒದ್ದಾಡ್ತಿದೀನಿ. ಬರ್ತಾ ಇಲ್ಲ."

ಚಪ್ಪಾಳೆ ಬೀಳಲಿಲ್ಲ. ಅಜ್ಜಿ ಎದ್ದು ಹೋಗಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಪಾದ್ರಿಗಳು ನೆಲ ನೋಡುತ್ತ ಕೂತಿದ್ದರು.

ಎಲ್ಲ ಮುಗಿದ ಮೇಲೆ ಯಾನೆಲಿಸ್ ಅವನೆದುರು ಹೋಗಿ ನಿಂತಳು. "ನನ್ನನ್ನೂ ಕ್ಷಮಿಸ್ಬಿಡು ವಿಲ್ಫ್ರಿನ್."

"ಅಮ್ಮ ಕೇಳ್ಲೇ ಇಲ್ಲ, ಅವಳಿಗೆ ಕೊಟ್ಟಾಯ್ತು. ನೀನು ಕೇಳ್ತಾ ನಿಂತಿದೀಯ, ನಿಂಗೆ ಕೊಡಕ್ಕಾಗ್ತಿಲ್ಲ ನೋಡು" ಎಂದ. "ಹೋಗು, ಅಜ್ಜಿಗೆ ಒಂದು ಲೋಟ ನೀರು ತಂದ್ಕೊಡು."

ಯಾನೆಲಿಸ್ ನೀರು ತರಲು ಹೋದಳು.