ಫಸಲಿ ವರ್ಷದ ಕಟ್ಟು

ಕಪಾಟಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿ ಇರುವ ತನಕ ಅದರೊಳಗೆ ಕಸ ಬೀಳಬಾರದು ಅಂತ ನಾನು ಹಟ ಹಿಡಿದಿದ್ದೆ. ಅದಕ್ಕೇ ನಾಗೇಂದ್ರಪ್ಪನಿಗೂ ನನಗೂ ಹಾವು ಮುಂಗುಸಿ.

ನಮ್ಮ ಕಾಗಿಣಾ ಸಿಮೆಂಟ್ ಕಾರ್ಖಾನೆ ಚಿತ್ತಾಪುರಕ್ಕೂ ರಾವೂರಕ್ಕೂ ನಡುವೆ ಇತ್ತು. ಕಂಪ್ಯೂಟರ್ ಕೋಣೆಯಲ್ಲಿ ನಾವು ಆರು ಮಂದಿ. ಯಂತ್ರಕ್ಕೆ ಹೇಳುವುದನ್ನೆಲ್ಲ ಕಾರ್ಡುಗಳಿಗೆ ತೂತು ಹಾಕಿ ಹೇಳುತ್ತಿದ್ದ ಕಾಲ. ಒಬ್ಬರು ಬರೆದ ಪ್ರೋಗ್ರಾಂ ಇನ್ನೊಬ್ಬರಿಗೂ ಬೇಕಾದೀತು ಎಂದು ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ, ಕಟ್ಟು ಕಟ್ಟಾಗಿ ಒಂದೇ ಕಪಾಟಿನಲ್ಲಿ ಇಡುತ್ತಿದ್ದೆವು. ಯಾರು ಬೇಕಾದರೂ ತೆಗೆದು ಬಳಸಬಹುದು, ಯಾರು ಬೇಕಾದರೂ ಹೊಸದನ್ನು ಇಡಬಹುದು. ಅದೇ ದೊಡ್ಡ ರೋಗ. ಒಬ್ಬ ಪುಣ್ಯಾತ್ಮ ಬರೆದ ರಜೆ ಲೆಕ್ಕದ ಕಟ್ಟು ಫೆಬ್ರುವರಿಗೆ ಮೂವತ್ತು ದಿನ ಕೊಟ್ಟಿತ್ತು!

1982ರ ದೀಪಾವಳಿ ಮುಗಿದ ಮೇಲೆ ಮ್ಯಾನೇಜರ್ ಸಂಗಣ್ಣನವರು ಕೀಲಿಯನ್ನು ನನಗೆ ಕೊಟ್ಟರು. ನಾನು ಮೊದಲ ದಿನವೇ ನಿಯಮ ಮಾಡಿದೆ. ಕಟ್ಟಿನ ಜೊತೆ ಪರೀಕ್ಷೆಯ ಹಾಳೆ ಬೇಕು. ಹತ್ತು ಹಳೆಯ ದಾಖಲೆಗಳನ್ನು ಕೈಯಿಂದ ಲೆಕ್ಕ ಮಾಡಿ, ಯಂತ್ರದ ಉತ್ತರವನ್ನು ಪಕ್ಕದಲ್ಲಿ ಬರೆದು ಸಹಿ ಹಾಕಿರಬೇಕು. ಹಾಳೆ ಇಲ್ಲದಿದ್ದರೆ ಕಟ್ಟು ವಾಪಸ್.

ನಾಗೇಂದ್ರಪ್ಪ ನಮ್ಮಲ್ಲಿ ಎಲ್ಲರಿಗಿಂತ ಹಳಬ, ಚಿಮ್ಮನಚೋಡದವನು. ಅವನಿಗೆ ಮೈಯೆಲ್ಲ ಉರಿಯಿತು.

"ಹದಿನಾಕ ವರ್ಸ ಸರ್ವೀಸ್ ಆಗ್ಯಾದ ನಂದು. ನನಗ ಪರೀಕ್ಷಾ ತಗೋತೀ ಏನ ನೀ?"

"ನಿಮಗಲ್ರಿ. ನಿಮ್ಮ ಕಟ್ಟಿಗಿ."

ಕೋಣೆಯವರೆಲ್ಲ ನಕ್ಕರು. ಅವನು ನಗಲಿಲ್ಲ.

ಜನವರಿಯಲ್ಲಿ ಅವನು ಹೊಸದೊಂದು ಫಸಲಿ ಕಟ್ಟನ್ನು ತಂದ. ನಿಜಾಮನ ಕಾಲದಲ್ಲಿ ಹುಟ್ಟಿದವರ ಶಾಲೆಯ ದಾಖಲೆಗಳಲ್ಲಿ ಫಸಲಿ ವರ್ಷವೇ ಇರುತ್ತಿತ್ತು. ಅದನ್ನು ಇಂಗ್ಲಿಷ್ ವರ್ಷಕ್ಕೆ ತಿರುಗಿಸುವ ಕಟ್ಟನ್ನು ಬಹಳ ಹಿಂದೆ ಅವನೇ ಬರೆದು ಕಪಾಟಿನಲ್ಲಿ ಇಟ್ಟಿದ್ದ. ಯಾರು ಯಾವಾಗ ನಿವೃತ್ತಿ ಆಗಬೇಕೆಂಬ ಪಟ್ಟಿ ಅದರಿಂದಲೇ ತಯಾರಾಗುತ್ತಿತ್ತು.

"ಹಳೇದರಾಗ ತಪ್ಪ ಅದ. ಅದನ್ನ ತಗದು ಇದನ್ನ ಇಡು," ಅಂದ.

"ಹಾಳಿ ಎಲ್ಲಿ?"

"ಇಡು ಅಂದ್ನಿ."

"ಹಾಳಿ ತರ್ರಿ."

ವಾರ ಬಿಟ್ಟು ಮತ್ತೆ ತಂದ. ಆಗಲೂ ಹಾಳೆ ಇರಲಿಲ್ಲ. ಕೆಂಪು ಶಾಯಿಯಲ್ಲಿ ಕಟ್ಟಿನ ಮೇಲೆ 'ವಾಪಸ್' ಎಂದು ಬರೆದು, ರಿಜಿಸ್ಟರಿನಲ್ಲೂ ಹಾಗೆಯೇ ಬರೆದು, ಅವನ ಮೇಜಿನ ಮೇಲೆ ಒಗೆದು ಬಂದೆ. ಏನು ತಪ್ಪಿದೆ ಅಂತ ಒಂದು ಮಾತೂ ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಮಧ್ಯಾಹ್ನ ಬುತ್ತಿಯ ರೊಟ್ಟಿ ಭಾಳ ರುಚಿ ಹತ್ತಿತು.

ಮಾರ್ಚಿನಲ್ಲಿ ಗುಲಾಮ ದಸ್ತಗೀರ ಚಾಚಾ ನನ್ನ ಬಾಗಿಲಿಗೆ ಬಂದು ನಿಂತರು. ಇಪ್ಪತ್ತೆಂಟು ವರ್ಷ ಭಟ್ಟಿಯ ಮುಂದೆ ನಿಂತು ಬೆಂದ ಮನುಷ್ಯ. ಕೈಯಲ್ಲಿ ನಿವೃತ್ತಿಯ ಆರ್ಡರ್ ಇತ್ತು.

"ಬಾಯಿ, ಐವತ್ತೆಂಟು ತುಂಬಲಿಕ್ಕ ನನಗಿನ್ನಾ ಒಂದ ವರ್ಸ ಅದ. ಆಫೀಸ್ನಾಗ ಕೇಳಿದ್ರ ಮಶೀನ್ ಸುಳ್ಳ ಹೇಳಂಗಿಲ್ಲ ಅಂತಾರ. ಏಪ್ರಿಲ್ ಮುಗದ್ರ ಕ್ವಾರ್ಟರ್ಸ್ ಬಿಡಬೇಕು, ದವಾಖಾನಿ ಕಾರ್ಡ್ ಬಂದ್. ನನ್ನ ಹೆಂಡ್ತಿ ಅಖ್ತರ ಬೇಗಂಗ ಟಿ.ಬಿ. ಸೂಜಿ ನಡದಾವ. ನಡಬರಕ ಬಿಟ್ರ ಆಕಿ ಉಳ್ಯಂಗಿಲ್ಲ ಅಂದಾರ ಡಾಕ್ಟರ್."

ಅವರ ದಾಖಲೆ ತೆಗೆದೆ. ಖುರ್ದಾದ್ ತಿಂಗಳು, ಫಸಲಿ 1335. ಫಸಲಿ ವರ್ಷ ಶುರುವಾಗುವುದು ಅಕ್ಟೋಬರದಲ್ಲಿ. ಡಿಸೆಂಬರದೊಳಗೆ ಹುಟ್ಟಿದವರಿಗೆ ಐದುನೂರ ತೊಂಬತ್ತು ಕೂಡಿಸಬೇಕು, ಜನವರಿ ದಾಟಿದವರಿಗೆ ಐದುನೂರ ತೊಂಬತ್ತೊಂದು. ಖುರ್ದಾದ್ ಅಂದರೆ ಏಪ್ರಿಲ್, ಅಂದಮೇಲೆ ಚಾಚಾ ಹುಟ್ಟಿದ್ದು 1926ರಲ್ಲಿ. ಯಂತ್ರ 1925 ಎಂದು ಬರೆದಿತ್ತು. ಕಟ್ಟಿಗೆ ತಿಂಗಳೇ ಗೊತ್ತಿರಲಿಲ್ಲ, ಎಲ್ಲರಿಗೂ ಐದುನೂರ ತೊಂಬತ್ತನ್ನೇ ಕೂಡಿಸಿತ್ತು.

ಸಿಕ್ಕ ಕಳ್ಳ ಅಂದುಕೊಂಡು ನೆಟ್ಟಗೆ ನಾಗೇಂದ್ರಪ್ಪನ ಮೇಜಿಗೆ ಹೋದೆ.

"ನಿಮ್ಮ ಕಟ್ಟು ಒಬ್ಬರ ಮನಿ ತೆಗಿಲಿಕತ್ತದ ನೋಡ್ರಿ," ಅಂದೆ.

ಅವನು ಡ್ರಾವರ್ ಎಳೆದ. ಅದೇ ಕಟ್ಟು, ಅದೇ ನನ್ನ ಕೆಂಪು ಶಾಯಿ.

"ಮೊದಲಿಂದು ನನ್ನ ಸರ್ಟಿಫಿಕೇಟ್ ಇಟಗೊಂಡು ನೋಡಿದ್ದೆ. ನಾ ನವೆಂಬರದಾಗ ಹುಟ್ಟಿದಂವ, ಬರಾಬರ್ ಬಂತು. ಜನವರ್ಯಾಗ ತಂಗಿ ಗುರುಲಿಂಗಮ್ಮಂದು ಇಟ್ಟು ನೋಡಿದ್ರ ಒಂದ ವರ್ಸ ಹೆಚ್ಚಿಗಿ ವಯಸ್ಸು ಬಂತು. ತಿದ್ದಿ ತಂದ್ನಿ. ಎರಡ ಸಲ ತಂದ್ನಿ."

"ಬಾಯಿ ಬಿಟ್ಟು ಹೇಳಬೇಕಿತ್ತು."

"ನೀ ಬಾಯಿ ಬಿಟ್ಟು ಕೇಳಬೇಕಿತ್ತು."

ಅವನ ಮುಖಕ್ಕೆ ಹೊಡೆಯಬೇಕು ಅನ್ನಿಸಿತು. ಅವನು ಹೇಳಿದ್ದು ಖರೇ ಇತ್ತು, ಅದಕ್ಕೇ ಅಷ್ಟು ಸಿಟ್ಟು. ಕಟ್ಟನ್ನು ಕಸಿದುಕೊಂಡು ಹೋಗಿ ಹತ್ತು ದಾಖಲೆ ತೆಗೆದು ನಾನೇ ಪರೀಕ್ಷೆ ಮಾಡಿದೆ. ಹತ್ತಕ್ಕೆ ಹತ್ತೂ ಸರಿ ಬಂದವು. ಮುಕ್ಕಾಲು ತಾಸು ಹಿಡಿಯಿತು, ಅಷ್ಟೇ.

ಹಾಳೆ ಒಂದನ್ನೇ ಒಯ್ದಿದ್ದರೆ ತಪ್ಪು ಈಗ ತಾನೇ ಸಿಕ್ಕಿತು ಅಂತ ಹೇಳಿ ಪಾರಾಗಬಹುದಿತ್ತು. ಆದರೆ ಮುಖ್ಯ ಕಚೇರಿಗೆ ಹೋದ ಪಟ್ಟಿಯನ್ನು ಸಂಗಣ್ಣನವರು ಬಾಯಿಮಾತಿಗೆ ತಿದ್ದುವವರಲ್ಲ; ಪಟ್ಟಿ ಹೋಗುವ ಮೊದಲೇ ತಿದ್ದಿದ ಕಟ್ಟು ಬಂದಿತ್ತು ಅನ್ನುವುದಕ್ಕೆ ಬರಹದ ಸಾಕ್ಷಿ ಬೇಕು. ರಿಜಿಸ್ಟರನ್ನೂ ಒಯ್ದು, ಕೆಂಪು ಶಾಯಿಯ ಪುಟ ತೆಗೆದು ಅವರ ಮುಂದಿಟ್ಟೆ.

"ತಿದ್ದಿದ್ದು ಜನವರ್ಯಾಗೇ ಬಂದಿತ್ತು. ವಾಪಸ್ ಕಳಸಿದಾಕಿ ನಾನೇ ಸಾಹೇಬ್ರ."

ಅವರು ಎರಡು ಸಲ ಓದಿದರು. ಚಾಚಾನ ಆರ್ಡರ್ ರದ್ದು ಮಾಡಿ ಸಹಿ ಹಾಕಿದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು. ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟೆ. ಸಂಜೆಯ ಹೊತ್ತಿಗೆ ಅದು ನಾಗೇಂದ್ರಪ್ಪನ ಜೇಬಿಗೆ ಹೋಗಿತ್ತು.

ಮಾಡಿದ್ದುಣ್ಣೋ ಮಹಾರಾಯ ಅಂತ ಹದಿನೈದು ದಿನ ಕಪಾಟಿನ ಕಡೆ ಸುಳಿಯಲಿಲ್ಲ. ಆಮೇಲೆ ಫೆಬ್ರುವರಿಗೆ ಮೂವತ್ತು ದಿನ ಕೊಟ್ಟಿದ್ದ ಆ ರಜೆಯ ಕಟ್ಟನ್ನು ತಿದ್ದಿ ಅವನ ಮೇಜಿಗೆ ಒಯ್ದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಹಾಳಿ ಎಲ್ಲಿ?"

ಹಾಳೆ ಇರಲಿಲ್ಲ. ನಾನೇ ಮಾಡಿದ ನಿಯಮ, ನನಗೇ ನೆನಪಿರಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕಟ್ಟಿಗಾಗಿ ಕೈ ಚಾಚಿದೆ. ಅವನು ಕೊಡಲಿಲ್ಲ. ಕಾಲಿನಿಂದ ಒಂದು ಕುರ್ಚಿಯನ್ನು ನನ್ನ ಕಡೆ ತಳ್ಳಿ, ಖಾಲಿ ಹಾಳೆ, ಪೆನ್ಸಿಲು ಮುಂದಿಟ್ಟ.

"ಕುಂದ್ರು. ಇಲ್ಲೇ ಬರಿ. ದಾಖಲಿ ನಾ ಓದತೀನಿ."

ನನಗೆ ಅಳು ಬಂತು, ಸಿಟ್ಟೂ ಬಂತು. ಕುಂತು ಬರೆದೆ.